ವರದಲ್ಲಿ ಬಿಟ್ಟುಹೋದ ಹೆಸರು

ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ನಿದ್ದೆಗೆ ಎಡೆಯಿಲ್ಲ. ನವರಾತ್ರಿಯ ಮೊದಲ ದಿನ ಪಂಪಿನ ಕೆರೆಯ ಬಳಿಯಿಂದ ಹೊರಟ ನಾಲ್ಕು ಶಕ್ತಿದೇವತೆಗಳ ಕರಗಗಳು ಬೀದಿ ಬೀದಿಗಳನ್ನು ಸುತ್ತಿ ಮನೆಮನೆಯ ಪೂಜೆಯನ್ನು ಕೈಕೊಂಡ ಮೇಲೆ, ಹಬ್ಬದ ಕಡೆಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ಸಿಂಗರಿಸಿಕೊಂಡು ಊರಿನ ಬೀದಿಗಿಳಿಯುತ್ತವೆ. ಒಂದೊಂದು ಮಂಟಪದಲ್ಲಿಯೂ ಒಂದೊಂದು ಪುರಾಣಕಥೆ. ಕಥೆ ಯಾವುದೇ ಇರಲಿ, ತಿರುಳು ಸಾಮಾನ್ಯವಾಗಿ ಒಂದೇ: ಒಬ್ಬ ಅಸುರನ ಮೆರೆದಾಟ, ಒಂದು ಅವತಾರ, ಒಂದು ಸಂಹಾರ. ಇರುಳೆಲ್ಲ ಅಸುರರು ಸತ್ತು, ಸತ್ತವರು ಮುಂದಿನ ವೃತ್ತದಲ್ಲಿ ಮತ್ತೆ ಎದ್ದು ಗರ್ಜಿಸಿ, ಮತ್ತೆ ಸತ್ತು, ಬೆಳಗಿನ ಮಂಜು ಇಳಿಯುವ ಹೊತ್ತಿಗೆ ಎಲ್ಲವೂ ಶಾಂತವಾಗುತ್ತದೆ.

ಆ ಜನಸಂದಣಿಯಲ್ಲಿ ಕತ್ತೆತ್ತಿ ನಿಂತವನಿಗೆ ಮೊದಲು ಕಾಣುವುದು ದೇವರಲ್ಲ, ಅಸುರ. ಅವನ ಕಣ್ಣು ಹೊರಳುತ್ತದೆ, ಬಾಯಿಂದ ಹೊಗೆ ಬರುತ್ತದೆ, ಎದೆ ಏರಿಳಿಯುತ್ತದೆ. ಟ್ರಾಕ್ಟರಿನ ಮೇಲೆ ಕಟ್ಟಿದ ಅವನ ಶರೀರ ವಿದ್ಯುತ್ ದೀಪದ ಬೆಳಕಿನಲ್ಲಿ ಬೀದಿಯ ಕಟ್ಟಡಗಳಿಗೆ ಸಮನಾಗಿ ಎದ್ದು ನಿಲ್ಲುತ್ತದೆ. ದೇವತೆಯೋ ಪ್ರಮಾಣದಲ್ಲಿ ಚಿಕ್ಕದು, ಬರುವುದೂ ತಡವಾಗಿ. ಅಸುರನು ಆರ್ಭಟಿಸುವುದು ಬಹಳ ಹೊತ್ತು. ದೇವತೆಯು ಕೆಲಸ ಮುಗಿಸುವುದು ಕೆಲವೇ ನಿಮಿಷಗಳಲ್ಲಿ. ಕಳೆದ ದಸರೆಯಲ್ಲಿ ನನ್ನ ಜೊತೆಗೆ ಬಂದಿದ್ದ ತಂಗಿಯ ಮಗ, ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗ, ಇದನ್ನೆಲ್ಲ ನೋಡಿ, “ಮಾವ, ಅಸುರನೇ ಇಲ್ಲದಿದ್ದರೆ ಈ ದೇವರಿಗೆ ಕೆಲಸವೇನಿತ್ತು?” ಎಂದು ಕೇಳಿದ. ಧರ್ಮ, ಅಧರ್ಮ, ಸಮತೋಲ ಎಂದು ಮೇಷ್ಟರಾದವರು ಹೇಳಬಹುದಾದ ಉತ್ತರವನ್ನು ನಾನೂ ಹೇಳಿದೆ. ಹುಡುಗನಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ.

ಮೇಕೇರಿಯ ತಿರುವುಗಳನ್ನು ಇಳಿದು ಮೂರ್ನಾಡಿಗೆ ಬರುವುದು ಅರ್ಧ ಗಂಟೆಯ ದಾರಿ. ಆ ದಾರಿಯಲ್ಲಿ ಆರಂಭವಾದ ಯೋಚನೆ ಅಲ್ಲಿಗೇ ನಿಂತಿದ್ದರೆ ಈ ಲೇಖನವನ್ನು ಬರೆಯುವ ಕಾರಣವಿರಲಿಲ್ಲ. ಅದಾದ ಕೆಲವು ದಿನಗಳಲ್ಲಿ ನಮ್ಮ ಮನೆಯ ಜಗಲಿಗೆ ಬಂದ ಒಬ್ಬ ಮುದುಕ ಅದನ್ನು ಮತ್ತೆ ಕೆದಕಿದ. ಆ ವಿಷಯವನ್ನು ಕಡೆಯಲ್ಲಿ ಹೇಳುತ್ತೇನೆ. ಈಗ ಹುಡುಗನ ಮಾತನ್ನೇ ಹಿಡಿದು ಹೊರಡೋಣ.

ಹಬ್ಬದ ಮರುದಿನ ಅವನು ತನ್ನ ಫೋನಿನಲ್ಲಿ ಒಂದು ಜಪಾನೀ ಚಿತ್ರಮಾಲಿಕೆಯನ್ನು ನನಗೆ ತೋರಿಸಿದ. ಚಿತ್ರಗಳಿಗೆ ಜೀವಕೊಟ್ಟು ಕಥೆ ಹೇಳುವ ಈ ಪ್ರಕಾರವನ್ನು ಅನಿಮೆ ಎನ್ನುತ್ತಾರೆ. ಅವನು ತೋರಿಸಿದ ಕಥೆಯ ನಾಯಕಿಯ ಹೆಸರು ಫ್ರೀರೆನ್. ಯಮಾದಾ ಕನೆಹಿತೊ ಬರೆದು ಅಬೆ ತ್ಸುಕಾಸಾ ಚಿತ್ರಿಸಿದ ಈ ಕಥೆ ೨೦೨೦ರಲ್ಲಿ ಚಿತ್ರಪುಸ್ತಕವಾಗಿ ಆರಂಭವಾಗಿ, ೨೦೨೩ರಲ್ಲಿ ತೆರೆಗೆ ಬಂತು. ಇಂಥ ಕಥೆಗಳಲ್ಲಿ ‘ಮಾಓ’ ಎಂಬ ಅಸುರರಾಜನೊಬ್ಬ ಇರುವುದು ವಾಡಿಕೆಯಂತೆ. ಲೋಕವನ್ನೆಲ್ಲ ನಡುಗಿಸುವವನು, ದೂರದ ಕೋಟೆಯಲ್ಲಿ ಕುಳಿತವನು. ವೀರರು ಅವನನ್ನು ಕೊಲ್ಲಲು ಹೊರಡುತ್ತಾರೆ. ಈ ಕಥೆಯ ವೈಶಿಷ್ಟ್ಯವೇನೆಂದರೆ ಇತರ ಕಥೆಗಳು ಮುಗಿಯುವಲ್ಲಿ ಇದು ಆರಂಭವಾಗುತ್ತದೆ. ನಾಲ್ವರು ಹತ್ತು ವರ್ಷ ನಡೆದು ಅಸುರರಾಜನನ್ನು ಕೊಂದು ಹಿಂದಿರುಗಿದ್ದಾರೆ. ಉಳಿದಿರುವವರು ಅವನ ಪರಿವಾರದವರು.

ಆ ಪರಿವಾರದಲ್ಲಿ ಔರಾ ಎಂಬ ಒಬ್ಬ ರಾಕ್ಷಸಿಯುಂಟು. ಅವಳ ಕೈಯಲ್ಲಿ ಒಂದು ತಕ್ಕಡಿ. ತನ್ನ ಆತ್ಮವನ್ನೂ ಎದುರಾಳಿಯ ಆತ್ಮವನ್ನೂ ಅದರಲ್ಲಿ ಇಟ್ಟು ತೂಗುತ್ತಾಳೆ. ಯಾರ ಮಂತ್ರಶಕ್ತಿ ಹೆಚ್ಚೋ ಅವರಿಗೆ ಇನ್ನೊಬ್ಬರು ಆಳಾಗಬೇಕು. ಆ ಲೋಕದ ರಾಕ್ಷಸರಿಗೆ ಶಕ್ತಿಯೇ ಪದವಿ, ಶಕ್ತಿಯೇ ಮರ್ಯಾದೆ. ಇದ್ದಷ್ಟನ್ನೂ ತೋರಿಸಿಕೊಂಡು ತಿರುಗುವುದೇ ಅವರ ಬದುಕು. ಫ್ರೀರೆನ್ನಳಾದರೋ ಸಾವಿರ ವರ್ಷಕ್ಕೂ ಮೀರಿ ಬದುಕಿದವಳು. ತನ್ನ ಶಕ್ತಿಯನ್ನು ಅಡಗಿಸಿಕೊಂಡೇ ನಡೆಯಲು ಕಲಿತವಳು. ಔರಾ ಅವಳನ್ನು ಕಣ್ಣಳತೆಯಲ್ಲಿ ಅಳೆದು ಸಣ್ಣವಳೆಂದು ತೀರ್ಮಾನಿಸಿ ತಕ್ಕಡಿ ಎತ್ತುತ್ತಾಳೆ. ತಟ್ಟೆ ಮತ್ತೊಂದು ಕಡೆಗೆ ವಾಲುತ್ತದೆ. ತಕ್ಕಡಿಯಲ್ಲಿ ಮೋಸವಿಲ್ಲ; ಮೋಸವಿದ್ದದ್ದು ತೂಗಿದವಳ ಕಣ್ಣಿನಲ್ಲಿ.

ಇದನ್ನು ನೋಡುತ್ತಿದ್ದಾಗ ನನಗೆ ನಮ್ಮ ರಾವಣನ ನೆನಪಾಯಿತು. ಮಡಿಕೇರಿಯ ಬೀದಿಗೂ ಜಪಾನಿನ ಕೋಟೆಗೂ ನೆಂಟಸ್ತನವನ್ನು ಕಟ್ಟುವುದು ಮೇಷ್ಟರ ಚಟವೆಂದು ಓದುಗರು ನಕ್ಕಾರು. ಆದರೆ ನೆಂಟಸ್ತನ ನಾನು ಕಟ್ಟಿದ್ದಲ್ಲ. ‘ಮಾಓ’ ಎಂಬ ಮಾತಿನ ಎರಡನೆಯ ಅಕ್ಷರಕ್ಕೆ ರಾಜ ಎಂದು ಅರ್ಥ. ಮೊದಲನೆಯ ಅಕ್ಷರ, ಬೌದ್ಧ ಗ್ರಂಥಗಳು ಚೀನೀ ಭಾಷೆಗೆ ಅನುವಾದವಾಗುವಾಗ ನಮ್ಮ ‘ಮಾರ’ನ ಹೆಸರನ್ನು ಬರೆಯುವುದಕ್ಕಾಗಿ ರೂಪುಗೊಂಡದ್ದು. ಬೋಧಿವೃಕ್ಷದ ಕೆಳಗೆ ಕುಳಿತ ಗೌತಮನನ್ನು ಎಬ್ಬಿಸಲು ಬಂದ ಅದೇ ಮಾರ, ಚೀನಾದೇಶವನ್ನು ದಾಟಿ, ಕಡಲನ್ನು ದಾಟಿ, ಜಪಾನಿನಲ್ಲಿ ಅಸುರರಾಜನಾಗಿದ್ದಾನೆ. ನಮ್ಮ ಹುಡುಗರು ಇಂದು ಪರದೇಶದ ಸರಕೆಂದು ಬೆರಗಿನಿಂದ ನೋಡುವವನು ನಮ್ಮಲ್ಲಿಂದ ಹೊರಟು ಹೋದವನೇ.

ಈ ಮಾರನ ವಾಸಸ್ಥಾನವನ್ನು ಬೌದ್ಧರು ಹೇಳಿರುವ ರೀತಿ ಬಹಳ ಅರ್ಥವತ್ತಾದುದು. ಅವನು ನರಕದಲ್ಲಿಲ್ಲ, ಸ್ವರ್ಗದಲ್ಲಿದ್ದಾನೆ. ಕಾಮಲೋಕದ ಆರು ಸ್ವರ್ಗಗಳಲ್ಲಿ ತುತ್ತತುದಿಯದು ಅವನದು. ಅದರ ಹೆಸರು ‘ಪರನಿರ್ಮಿತವಶವರ್ತಿ’. ಇತರರು ನಿರ್ಮಿಸಿದ್ದನ್ನು ವಶಮಾಡಿಕೊಂಡು ಸುಖಿಸುವವರ ಲೋಕ ಎಂದು ಅದಕ್ಕೆ ಅರ್ಥ. ಅಲ್ಲಿರುವವರು ತಾವು ಏನನ್ನೂ ಮಾಡಬೇಕಾಗಿಲ್ಲ. ಬೇರೆಯವರು ಮಾಡಿದ್ದು ಅವರ ಕೈಗೆ ಬರುತ್ತದೆ. ಹದಿನಾರನೆಯ ಶತಮಾನದ ಜಪಾನಿನ ಸೇನಾಧಿಪತಿ ಓಡಾ ನೊಬುನಾಗ, ೧೫೭೧ರಲ್ಲಿ ಹಿಯೇಯಿ ಪರ್ವತದ ಬೌದ್ಧ ಮಠಗಳನ್ನು ಸುಟ್ಟವನು, ತನ್ನನ್ನು ‘ಆರನೆಯ ಸ್ವರ್ಗದ ಮಾರರಾಜ’ ಎಂದೇ ಕರೆದುಕೊಂಡನೆಂದು ಆಗ ಅಲ್ಲಿದ್ದ ಕ್ರೈಸ್ತ ಪಾದ್ರಿ ಲೂಯಿಸ್ ಫ್ರೋಯಿಸ್ ಬರೆದಿದ್ದಾನೆ. ೧೫೮೨ರಲ್ಲಿ ನೊಬುನಾಗನಿಗೆ ಅಂತ್ಯ ಬಂದದ್ದು ಶತ್ರುಗಳ ದೊಡ್ಡ ಕೋಟೆಗಳಿಂದಲ್ಲ. ಅವನದೇ ಸೇನಾನಿಯಾಗಿದ್ದ ಅಕೆಚಿ ಮಿತ್ಸುಹಿದೆಯಿಂದ.

ಈಗ ನಮ್ಮ ಅಸುರರ ಕಡೆಗೆ ಬರೋಣ. ಇವರಲ್ಲಿ ಸೋಮಾರಿಗಳು ಯಾರೂ ಇಲ್ಲವೆಂಬುದನ್ನು ಮೊದಲು ಗಮನಿಸಬೇಕು. ರಾವಣನು ತಪಸ್ಸಿನಲ್ಲಿ ತನ್ನ ತಲೆಗಳನ್ನು ಒಂದೊಂದಾಗಿ ಕಡಿದು ಅಗ್ನಿಗೆ ಹಾಕಿದವನು. ಹಿರಣ್ಯಕಶಿಪುವಿನ ಮೈಮೇಲೆ ಹುತ್ತ ಬೆಳೆಯಿತು. ಇವರಿಗೆ ಬಲ ಬಂದದ್ದು ಕಳ್ಳತನದಿಂದಲ್ಲ, ಅನುಷ್ಠಾನದಿಂದ. ನಾವು ಮಕ್ಕಳಿಗೆ ಯಾವ ಗುಣಗಳನ್ನು ಕಲಿಸುತ್ತೇವೆಯೋ ಆ ಗುಣಗಳಿಂದಲೇ. ಶ್ರದ್ಧೆ, ಸಹನೆ, ಏಕಾಗ್ರತೆ, ಹಿಡಿದ ಕೆಲಸವನ್ನು ಬಿಡದಿರುವುದು. ಹಾಗಾದರೆ ತಪ್ಪಿದ್ದು ಎಲ್ಲಿ?

ವರ ಬೇಡುವ ಗಳಿಗೆಯಲ್ಲಿ ಎಂದು ನನಗೆ ತೋರುತ್ತದೆ. ರಾಮಾಯಣದ ಉತ್ತರಕಾಂಡದಲ್ಲಿ ರಾವಣನು ಮೊದಲು ಅಮರತ್ವವನ್ನು ಕೇಳುತ್ತಾನೆ. ಬ್ರಹ್ಮ ಕೊಡುವುದಿಲ್ಲ. ಆಗ ಅವನು ಒಂದು ಪಟ್ಟಿಯನ್ನು ಮಾಡುತ್ತಾನೆ: ಗರುಡರಿಂದ, ನಾಗರಿಂದ, ಯಕ್ಷರಿಂದ, ದೈತ್ಯದಾನವರಿಂದ, ರಾಕ್ಷಸರಿಂದ, ದೇವತೆಗಳಿಂದ ತನಗೆ ಸಾವು ಬರಕೂಡದು. ಅಲ್ಲಿಗೆ ನಿಲ್ಲಿಸುತ್ತಾನೆ. ಮಿಕ್ಕ ಪ್ರಾಣಿಗಳ ಚಿಂತೆ ತನಗಿಲ್ಲ, ಮನುಷ್ಯರೇ ಮೊದಲಾದವರು ತನಗೆ ಹುಲ್ಲಿಗೆ ಸಮಾನ ಎಂಬುದು ಅವನ ಮಾತಿನ ಭಾವ. ಮರೆತು ಬಿಟ್ಟದ್ದಲ್ಲ, ಎಣಿಸಲು ಯೋಗ್ಯರಲ್ಲವೆಂದು ತಿಳಿದೇ ಬಿಟ್ಟದ್ದು. ಮಹಿಷನ ಕಥೆಯನ್ನು ದೇವೀಭಾಗವತ ಹೇಳುವ ಪ್ರಕಾರ, ಗಂಡು ಯಾವನಿಂದಲೂ ತನಗೆ ಸಾವು ಬೇಡವೆಂದು ಅವನು ಕೇಳಿಕೊಂಡ. ಹೆಣ್ಣು ತನ್ನನ್ನು ಏನು ಮಾಡಿಯಾಳು ಎಂದುಕೊಂಡ. ಹಿರಣ್ಯಕಶಿಪು ಇವರಿಬ್ಬರಿಗಿಂತ ಜಾಣ. ಹಗಲು, ಇರುಳು, ಒಳಗು, ಹೊರಗು, ನರ, ಮೃಗ ಎಲ್ಲವನ್ನೂ ಬರೆಸಿಕೊಂಡ. ಅವನ ಎಣಿಕೆಗೆ ಸಿಕ್ಕದೆ ಉಳಿದದ್ದು ಮನೆಯ ಹೊಸ್ತಿಲು, ಸಂಜೆಯ ಸಂಧಿಕಾಲ, ಮತ್ತು ತನ್ನ ತೊಡೆಯ ಮೇಲೆ ಆಡಿದ ಮಗು.

ಈ ಕಥೆಗಳನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿರುವುದರಿಂದ, ಇವು ವರದ ಬಲೆಯಲ್ಲಿ ತೂತು ಹುಡುಕುವ ದೇವತೆಗಳ ಚಾತುರ್ಯದ ಕಥೆಗಳೆಂದು ತಿಳಿಯುತ್ತೇವೆ. ಒಬ್ಬ ವಕೀಲನು ಕರಾರುಪತ್ರದಲ್ಲಿ ಲೋಪ ಹುಡುಕಿದಂತೆ ವಿಷ್ಣುವು ಹುಡುಕಿದನೆಂದು ನಗುವವರೂ ಉಂಟು. ನನಗನ್ನಿಸುವುದು ಬೇರೆ. ಆ ತೂತನ್ನು ಮಾಡಿದವರು ದೇವತೆಗಳಲ್ಲ. ಪ್ರತಿಯೊಬ್ಬ ಅಸುರನೂ ತನ್ನ ತಿರಸ್ಕಾರದ ಆಕಾರದಲ್ಲಿಯೇ ತನ್ನ ವರದಲ್ಲಿ ಒಂದು ತೂತನ್ನು ಕೊರೆದಿದ್ದಾನೆ. ನಾವು ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೋ ಅವರ ಆಕಾರದ್ದೇ ನಮ್ಮ ಕುರುಡು.

ರಾಮಾಯಣವೇ ಇದಕ್ಕೆ ಒಂದು ಸಣ್ಣ ಸಾಕ್ಷ್ಯವನ್ನು ಇಟ್ಟಿದೆ. ಅಶೋಕವನದಲ್ಲಿ ರಾವಣನು ಬಂದು ನಿಂತಾಗ ಸೀತೆ ತನಗೂ ಅವನಿಗೂ ನಡುವೆ ಒಂದು ಹುಲ್ಲುಕಡ್ಡಿಯನ್ನು ಇಟ್ಟು ಮಾತನಾಡುತ್ತಾಳೆ. ಪರಪುರುಷನೊಡನೆ ನೇರವಾಗಿ ಮಾತನಾಡಬಾರದೆಂಬ ಶೀಲವೆಂದು ಇದನ್ನು ವ್ಯಾಖ್ಯಾನಿಸುವುದುಂಟು, ಇರಲಿ. ಆದರೆ ಮನುಷ್ಯರೆಲ್ಲ ನನಗೆ ಹುಲ್ಲು ಎಂದವನ ಮುಂದೆ ಒಬ್ಬ ಮನುಷ್ಯಳು ಹುಲ್ಲನ್ನೇ ಗಡಿಯಾಗಿ ಇಟ್ಟಳೆಂಬುದನ್ನು ತರಗತಿಯಲ್ಲಿ ಹೇಳುವಾಗ ನನ್ನ ಧ್ವನಿ ಪ್ರತಿಸಲವೂ ಸ್ವಲ್ಪ ತಗ್ಗುತ್ತದೆ. ಹತ್ತು ತಲೆ, ಇಪ್ಪತ್ತು ತೋಳು, ಮೂರು ಲೋಕದ ಜಯ. ಆ ಒಂದು ಎಸಳನ್ನು ಅವನು ದಾಟಲಿಲ್ಲ. ಬೋಧಿವೃಕ್ಷದ ಕಥೆಯಲ್ಲಿಯೂ ಇದೇ ನಡೆಯಿತು. ಈ ಆಸನಕ್ಕೆ ನೀನು ಅರ್ಹನೆಂಬುದಕ್ಕೆ ಸಾಕ್ಷಿ ಯಾರೆಂದು ಮಾರ ಕೇಳಿದ. ಮಾರನ ಪರವಾಗಿ ಸಾಕ್ಷಿ ಹೇಳಲು ಒಂದು ಸೈನ್ಯವೇ ಇತ್ತು. ಗೌತಮನು ಬೆರಳನ್ನು ಇಳಿಬಿಟ್ಟು ನೆಲವನ್ನು ಮುಟ್ಟಿದ. ಎಲ್ಲರೂ ತುಳಿಯುವುದು, ಯಾರೂ ಸಾಕ್ಷಿಯೆಂದು ಎಣಿಸದುದು ನೆಲ.

ಇಲ್ಲಿಗೆ ಓದುಗರಲ್ಲಿ ಇಬ್ಬರು ನನ್ನನ್ನು ತಡೆದಾರು. ಒಬ್ಬರು, “ಅಸುರನೆಂದರೆ ಕೆಟ್ಟವನು, ಕೊಂದರಾಯಿತು; ಇಷ್ಟೆಲ್ಲ ವಿಚಾರವೇಕೆ?” ಎಂದಾರು. ಇನ್ನೊಬ್ಬರು, “ಅಸುರನೇ ನಿಜವಾದ ನಾಯಕ, ಅವನ ಕಥೆಯನ್ನು ಗೆದ್ದವರು ಬರೆದು ಕೆಡಿಸಿದ್ದಾರೆ” ಎಂದಾರು. ಎರಡನೆಯ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಅದರಲ್ಲಿ ತೂಕವಿಲ್ಲದೆ ಇಲ್ಲ. ಚಾಮುಂಡಿಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿಯನ್ನೂ ಮತ್ತೊಂದರಲ್ಲಿ ಹಾವನ್ನೂ ಹಿಡಿದು ನಿಂತಿರುವ ಮಹಿಷನಿಗೆ ಮೈಸೂರು ತನ್ನ ಹೆಸರನ್ನೇ ಕೊಟ್ಟಿದೆ. ಕೊಂದವಳಿಗೆ ಗುಡಿ, ಸತ್ತವನಿಗೆ ಊರು. ಬಗೆಹರಿಯದ ಯಾವುದೋ ನೆನಪು ಅಲ್ಲಿ ಇದ್ದೀತು. ಆದರೂ ಈ ಎರಡು ದಾರಿಗಳೂ ನಮಗೆ ತೀರ ಸುಲಭವಾದವು. ಮೊದಲನೆಯ ದಾರಿಯಲ್ಲಿ ಅಸುರ ಬೇರೆ ಯಾರೋ. ಎರಡನೆಯದರಲ್ಲಿ ಅಸುರನೇ ಇಲ್ಲ, ಅಥವಾ ಅಸುರರೆಂದರೆ ಆಚೆ ಪಕ್ಷದವರು. ಎರಡರಲ್ಲಿಯೂ ನಾವು ಮಾತ್ರ ಪಾರಾಗಿಬಿಡುತ್ತೇವೆ.

ಮೂರನೆಯ ದಾರಿಯನ್ನು ತೋರಿಸಿದವನು ನಮ್ಮ ನಾಗಚಂದ್ರ. ಹನ್ನೆರಡನೆಯ ಶತಮಾನದ ಮೊದಲ ಭಾಗದ ಸುಮಾರಿಗೆ ಬಾಳಿದ, ಅಭಿನವ ಪಂಪನೆಂದು ತನ್ನನ್ನು ಕರೆದುಕೊಂಡ ಈ ಜೈನ ಕವಿಯ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನು ರಾಕ್ಷಸನಲ್ಲ, ವಿದ್ಯಾಧರ. ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವನು. ಹಾಗಿದ್ದೂ ಸೀತೆಯನ್ನು ಕಂಡು ಮನಸ್ಸು ಸೋತು ಹೊತ್ತುತರುತ್ತಾನೆ. ಕಡೆಗೆ ಅವಳ ನಿಶ್ಚಲತೆಯನ್ನೂ ದುಃಖವನ್ನೂ ಕಣ್ಣಾರೆ ಕಂಡು ಅವನ ಮನಸ್ಸು ತಿರುಗುತ್ತದೆ. ತಾನು ಮಾಡಿದ್ದು ಅಕಾರ್ಯವೆಂದು ತಿಳಿಯುತ್ತದೆ. ಬಿ. ಎಂ. ಶ್ರೀಯವರು ಈ ರಾವಣನಲ್ಲಿ ದುರಂತನಾಯಕನನ್ನು ಕಂಡದ್ದು ಕನ್ನಡ ವಿಮರ್ಶೆಯ ದೊಡ್ಡ ನೋಟಗಳಲ್ಲಿ ಒಂದು. ೧೯೪೯ರಲ್ಲಿ ಬೆಳಕು ಕಾಣಲಾರಂಭಿಸಿದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಕುವೆಂಪು ಅವರೂ ರಾವಣನ ಒಳಮನಸ್ಸಿನ ಪರಿವರ್ತನೆಗೆ ದೊಡ್ಡ ಎಡೆಯನ್ನು ಕೊಟ್ಟರು. ಕನ್ನಡ ಕಾವ್ಯ ಅಸುರನನ್ನು ಸುಟ್ಟು ಕೈತೊಳೆದುಕೊಳ್ಳಲಿಲ್ಲವೆಂಬುದು ನಮಗೆ ಹೆಮ್ಮೆಯ ವಿಷಯ.

ಇಷ್ಟನ್ನು ನಾನೂ ಅನೇಕ ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ; ನೋಟ್ಸುಗಳು ಹಳದಿಯಾಗಿವೆ. ಈ ಸಲ ಮತ್ತೆ ಓದುವಾಗ ಬೇರೊಂದು ಎಡೆಯಲ್ಲಿ ಎಡವಿದೆ. ಮನಸ್ಸು ತಿರುಗಿದ ಮೇಲೆ ನಾಗಚಂದ್ರನ ರಾವಣ ಏನು ಮಾಡುತ್ತಾನೆ? ಸೀತೆಯನ್ನು ಹಿಂದಕ್ಕೆ ಕೊಡಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಅಲ್ಲ. ಈಗ ಕೊಟ್ಟರೆ ಹೆದರಿ ಕೊಟ್ಟನೆಂದು ಲೋಕ ಆಡಿಕೊಂಡೀತು. ಆದುದರಿಂದ ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು, ಗೆದ್ದು, ಆಮೇಲೆ ಗೌರವದಿಂದ ಒಪ್ಪಿಸಬೇಕು. ಆ ಯುದ್ಧದಲ್ಲಿಯೇ ಅವನು ಲಕ್ಷ್ಮಣನ ಕೈಯಿಂದ ಸಾಯುತ್ತಾನೆ. ಎಂಥ ಅಭಿಮಾನಧನ ಎಂದು ನಾವು ಉದ್ಗಾರ ತೆಗೆಯುತ್ತೇವೆ. ಅಭಿಮಾನವೇನೋ ನಿಜ. ಆದರೆ ಈ ಲೆಕ್ಕದಲ್ಲಿ ಯಾರು ಯಾರಿದ್ದಾರೆ ನೋಡಿ. ರಾವಣನ ಕೀರ್ತಿ ಇದೆ. ಲೋಕದ ಬಾಯಿ ಇದೆ. ರಾಮಲಕ್ಷ್ಮಣರ ಸೋಲು ಇದೆ. ಸೀತೆ ಎಲ್ಲಿ? ಅವನು ಯೋಗ್ಯವಾದ ಮುಹೂರ್ತವನ್ನು ಕಾಯುತ್ತಿರುವಷ್ಟು ದಿನವೂ ಅವಳು ಆ ಮರದ ಕೆಳಗೆ ಕುಳಿತೇ ಇರಬೇಕು. ಪಶ್ಚಾತ್ತಾಪ ಬಂದದ್ದು ಅವಳ ದುಃಖವನ್ನು ಕಂಡು. ಪರಿಹಾರದ ಲೆಕ್ಕ ಬರೆಯುವಾಗ ಅವಳ ಹೆಸರೇ ಇಲ್ಲ. ವರದಲ್ಲಿ ಬಿಟ್ಟದ್ದನ್ನೇ ಪಶ್ಚಾತ್ತಾಪದಲ್ಲಿಯೂ ಬಿಟ್ಟ. ಅಸುರತನವೆಂಬುದು ಕ್ರೌರ್ಯದಲ್ಲಿ ಮಾತ್ರ ಇರುವುದಾದರೆ ಅದನ್ನು ಗುರುತಿಸುವುದು ಸುಲಭ. ಒಳ್ಳೆಯದನ್ನು ಮಾಡಹೊರಟಾಗಲೂ ಯಾರಿಗೆ ಅದು ಸಲ್ಲಬೇಕೋ ಅವರನ್ನು ಎಣಿಸದಿರುವುದು ಅದರ ಸೂಕ್ಷ್ಮರೂಪ.

ಇದಕ್ಕೆ ಎದುರಾಗಿ ಬಲಿಚಕ್ರವರ್ತಿಯನ್ನು ನಿಲ್ಲಿಸಿ ನೋಡಬಹುದು. ಅವನೂ ಅಸುರ, ಅವನೂ ಇಂದ್ರನ ಸ್ವರ್ಗವನ್ನು ಗೆದ್ದುಕೊಂಡವನೇ. ಆದರೆ ಕೊಡಗಿನ ಗಡಿಯಾಚೆಯ ಕೇರಳದಲ್ಲಿ ಓಣಂ ಹಬ್ಬದಂದು ಅವನನ್ನು ಬರಮಾಡಿಕೊಳ್ಳುತ್ತಾರೆ. ತುಳುನಾಡಿನಲ್ಲಿ ದೀಪಾವಳಿಯಂದು ಬಲೀಂದ್ರನೆಂದು ಕೂಗಿ ಕರೆಯುತ್ತಾರೆ. ಕನ್ನಡ ನಾಡೆಲ್ಲ ಬಲಿಪಾಡ್ಯಮಿಯ ದೀಪ ಹಚ್ಚುತ್ತದೆ. ರಾವಣನನ್ನು ಸುಡುವ ಜನ ಇವನನ್ನು ಏಕೆ ಕರೆಯುತ್ತಾರೆ? ಇವನ ಮುಂದೆಯೂ ಒಬ್ಬ ಸಣ್ಣವನು ಬಂದು ನಿಂತ. ಕುಳ್ಳಗಿನ ಒಬ್ಬ ವಟು. ಮೂರು ಹೆಜ್ಜೆ ನೆಲವೆಂದಾಗ ಬಲಿಗೂ ಅದು ಹುಡುಗಾಟದ ಕೋರಿಕೆಯೆಂದೇ ಕಂಡಿತು. ಆದರೆ ಸಣ್ಣವನಿಗೆ ಕೊಟ್ಟ ಮಾತೂ ಮಾತೇ ಎಂದು ಅವನು ತಿಳಿದಿದ್ದ. ಗುರು ಶುಕ್ರಾಚಾರ್ಯರೇ ತಡೆದರೂ ಹಿಂದೆಗೆಯಲಿಲ್ಲ. ಮೂರನೆಯ ಹೆಜ್ಜೆಗೆ ಎಡೆಯಿಲ್ಲದಾಗ ತಲೆಯನ್ನು ಒಡ್ಡಿದ. ರಾಜ್ಯ ಹೋಯಿತು, ಸ್ವರ್ಗ ಹೋಯಿತು. ವರ್ಷಕ್ಕೊಮ್ಮೆ ಜನರ ಮನೆಬಾಗಿಲಿಗೆ ಬರುವ ಹಕ್ಕು ಉಳಿಯಿತು. ಇಬ್ಬರೂ ಅಸುರರು, ಇಬ್ಬರೂ ಬಲಿಷ್ಠರು. ಒಬ್ಬನು ಸಣ್ಣವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಇನ್ನೊಬ್ಬನು ತೆಗೆದುಕೊಂಡ. ಜನ ಈ ವ್ಯತ್ಯಾಸವನ್ನು ಪಂಡಿತರ ನೆರವಿಲ್ಲದೆ ತಿಳಿದುಕೊಂಡಿದ್ದಾರೆ.

ಇನ್ನು ಜಗಲಿಗೆ ಬಂದ ಮುದುಕನ ವಿಷಯ.

ನನಗೆ ಮೂರ್ನಾಡಿನ ಹತ್ತಿರ ತಂದೆಯವರಿಂದ ಬಂದ ಒಂದು ಸಣ್ಣ ಕಾಫಿ ತೋಟವಿದೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲನ್ನು ಬೆಳೆಯುವುದು ಕರ್ನಾಟಕ. ಅದರಲ್ಲಿ ಕೊಡಗಿನದೇ ಹಿರಿಯ ಪಾಲು. ನಮ್ಮದು ಆ ಕಡಲಿನಲ್ಲಿ ಒಂದು ಹನಿ. ಮುದುಕ ಬಹಳ ವರ್ಷ ನಮ್ಮ ತೋಟದಲ್ಲಿ ದುಡಿದವನು. ಒಳ್ಳೆಮೆಣಸು ಕೊಯ್ಯುವುದರಲ್ಲಿ ನಿಪುಣ. ಸಿಲ್ವರ್ ಮರದ ಮೇಲೆ ಹಬ್ಬಿದ ಬಳ್ಳಿಗೆ ಒಂಟಿ ಬಿದಿರಿನ ಏಣಿಯನ್ನು ಆನಿಸಿ ಏರುವ ಕೆಲಸ ಎಲ್ಲರಿಂದಲೂ ಆಗುವಂಥದಲ್ಲ. ಒಮ್ಮೆ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಅವನು ತೋಟ ಬಿಟ್ಟ. ಈಗ ಮನೆ ನಿವೇಶನಕ್ಕೆ ಅರ್ಜಿ ಹಾಕಿದ್ದಾನೆ. ಇಷ್ಟು ವರ್ಷ ಈ ಊರಿನಲ್ಲಿಯೇ ಇದ್ದು ದುಡಿದವನೆಂಬುದಕ್ಕೆ ಒಂದು ಪುರಾವೆ ಬೇಕಾಗಿತ್ತು. “ದೊಡ್ಡವರ ಪುಸ್ತಕದಲ್ಲಿ ಇರುತ್ತದೆ, ಅವರು ಎಲ್ಲವನ್ನೂ ಬರೆಯುತ್ತಿದ್ದರು” ಎಂದ.

ನಮ್ಮ ತಂದೆಯವರು ನಿಜವಾಗಿಯೂ ಎಲ್ಲವನ್ನೂ ಬರೆಯುತ್ತಿದ್ದರು. ಅಟ್ಟದಿಂದ ಪುಸ್ತಕಗಳನ್ನು ಇಳಿಸಿ ಒಂದು ಭಾನುವಾರವೆಲ್ಲ ಕುಳಿತು ನೋಡಿದೆ. ಹೂಮಳೆ ಯಾವ ದಿನ ಬಂತು, ಎಷ್ಟು ಇಂಚು ಎಷ್ಟು ಸೆಂಟು ಎಂಬುದಿದೆ. ಯಾವ ಮರವನ್ನು ಕಡಿದದ್ದು, ಯಾವ ಸಾಲಿಗೆ ಗೊಬ್ಬರ ಹಾಕಿದ್ದು ಇದೆ. ನಮ್ಮ ಎತ್ತುಗಳಿಗೆ ಹೆಸರಿತ್ತು. ಆ ಹೆಸರುಗಳೂ ಪುಸ್ತಕದಲ್ಲಿವೆ, ಲಾಳ ಕಟ್ಟಿಸಿದ ಖರ್ಚಿನ ಎದುರಿಗೆ. ಕೆಲಸಗಾರರ ಕಡೆಯಲ್ಲಿ ದಿನದಿನವೂ ಒಂದೇ ರೀತಿಯ ಬರವಣಿಗೆ: ಗಂಡಾಳು ೩, ಹೆಣ್ಣಾಳು ೮. ಗಂಡಾಳು ೪, ಹೆಣ್ಣಾಳು ೭. ಪುಟದ ಮೇಲೆ ಪುಟ, ವರ್ಷದ ಮೇಲೆ ವರ್ಷ. ಮುದುಕ ಬಿದ್ದ ದಿನವೂ ಸಿಕ್ಕಿತು. ‘ಏಣಿಯಿಂದ ಒಂದು ಆಳು ಬಿದ್ದದ್ದು, ಆಸ್ಪತ್ರೆ ಖರ್ಚು’ ಎಂದು ಬರೆದು ಎದುರಿಗೆ ಹಣವನ್ನು ನಮೂದಿಸಿದ್ದಾರೆ.

ನಮ್ಮ ತಂದೆಯವರು ಕ್ರೂರಿಗಳಾಗಿರಲಿಲ್ಲ. ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋಗಿ, ಖರ್ಚನ್ನು ತಾವೇ ಕೊಟ್ಟರು. ಮುದುಕ ಇಂದಿಗೂ ಅದನ್ನು ನೆನೆಯುತ್ತಾನೆ. ಅವರು ಪ್ರಾಮಾಣಿಕರು, ದಿನವಹಿ ಬರೆಯುವ ಶಿಸ್ತಿನವರು. ಆ ಶಿಸ್ತನ್ನು ಒಂದು ತಪಸ್ಸೆಂದರೂ ಸಲ್ಲುತ್ತದೆ. ಅಂಥ ತಪಸ್ಸಿನ ಪುಸ್ತಕದಲ್ಲಿ ಒಂದು ಹೆಸರು ಬಿಟ್ಟುಹೋಯಿತು. ಬಿಟ್ಟುಹೋದದ್ದರಿಂದ ಇಷ್ಟು ವರ್ಷಗಳಾದ ಮೇಲೆ ಒಬ್ಬ ಮನುಷ್ಯ ತಾನು ಇಲ್ಲಿದ್ದೆನೆಂದು ರುಜುವಾತು ಮಾಡಲಾರದೆ ನಮ್ಮ ಜಗಲಿಯಲ್ಲಿ ಕುಳಿತಿದ್ದಾನೆ. ತಂದೆಯವರನ್ನು ದೂರಿ ನಾನು ಪಾರಾಗುವಂತಿಲ್ಲ. ಅವರ ಪುಸ್ತಕವನ್ನು ಮುಚ್ಚಿ ನನ್ನದನ್ನು ತೆರೆದೆ. ರಾವಣನ ಪತನವನ್ನು ವರ್ಷವರ್ಷವೂ ಬೋಧಿಸುವ ನಾನು ಬರೆದಿಟ್ಟಿರುವುದು ಇಷ್ಟೆ: ಗಂಡು ೨, ಹೆಣ್ಣು ೫.

ಅಸುರನೆಂಬ ದೊಡ್ಡ ಮಾತನ್ನು ಇಷ್ಟು ಸಣ್ಣ ವಿಷಯಕ್ಕೆ ತರುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ನಾನೂ ಹಾಗೆ ಅಂದುಕೊಂಡು ನೋಡಿದೆ. ಆದರೆ ಆರನೆಯ ಸ್ವರ್ಗದ ಹೆಸರು ಮತ್ತೆ ಮತ್ತೆ ನೆನಪಿಗೆ ಬಂತು. ಇತರರು ನಿರ್ಮಿಸಿದ್ದನ್ನು ವಶದಲ್ಲಿಟ್ಟುಕೊಂಡು ಸುಖಿಸುವವರ ಲೋಕ. ರಾವಣನ ಪುಷ್ಪಕ ಅಣ್ಣ ಕುಬೇರನದು. ಅವನು ಆಳಿದ ಲಂಕೆಯನ್ನು ಕಟ್ಟಿದವನು ವಿಶ್ವಕರ್ಮ. ಬೆಳಗಾಗೆದ್ದು ನಾನು ಕುಡಿಯುವ ಕಾಫಿಯನ್ನು ಕೊಯ್ದವರು, ನಾನು ಕುಳಿತ ಮನೆಗೆ ಕಲ್ಲು ಹೊತ್ತವರು, ನೀವು ಓದುತ್ತಿರುವ ಈ ಪತ್ರಿಕೆಯನ್ನು ಬೆಳಗಿನ ಜಾವ ಬಾಗಿಲಿಗೆ ತಂದು ಹಾಕಿದವರು: ಇವರ ಪಟ್ಟಿಯನ್ನು ಮಾಡಲು ನಮ್ಮಲ್ಲಿ ಎಷ್ಟು ಜನರಿಂದ ಆದೀತು? ಇತರರು ಮಾಡಿದ್ದರಿಂದ ಬದುಕುವುದು ತಪ್ಪಲ್ಲ. ಮನುಷ್ಯರೆಲ್ಲ ಹಾಗೆಯೇ ಬದುಕುವುದು. ಮಾಡಿದವರನ್ನು ಸಂಖ್ಯೆಯಾಗಿ ಮಾತ್ರ ತಿಳಿಯುವುದು ಆ ಸ್ವರ್ಗಕ್ಕೆ ಹತ್ತುವ ಮೊದಲ ಮೆಟ್ಟಿಲು. ಆ ಮೆಟ್ಟಿಲನ್ನು ಹತ್ತಲು ಹತ್ತು ತಲೆಗಳು ಬೇಕಾಗಿಲ್ಲ.

ಈಗ ಹುಡುಗನ ಪ್ರಶ್ನೆಗೆ ಉತ್ತರ ಹೇಳಬಲ್ಲೆನೆಂದು ತೋರುತ್ತದೆ. ಅಸುರನನ್ನು ಅಷ್ಟು ದೊಡ್ಡದಾಗಿ ಮಾಡುವುದು ದೇವರಿಗೆ ಕೆಲಸ ಕೊಡುವುದಕ್ಕಲ್ಲ. ಮನುಷ್ಯನ ಗಾತ್ರದಲ್ಲಿ ಮಾಡಿದರೆ ನಾವು ಅವನನ್ನು ಗುರುತಿಸುವುದಿಲ್ಲ. ಪಕ್ಕದ ಮನೆಯವನೆಂದೋ, ನಮ್ಮ ಮನೆಯವನೆಂದೋ ತಿಳಿದು ಸುಮ್ಮನಾಗುತ್ತೇವೆ. ಅಕ್ಷರ ಕಲಿಯುವ ಮಗುವಿಗೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತೇವಲ್ಲ, ಹಾಗೆ ನಮ್ಮ ಹಿರಿಯರು ದೊಡ್ಡದಾಗಿ ಬರೆದರು. ಸಣ್ಣ ಅಕ್ಷರದಲ್ಲಿರುವುದನ್ನು ಓದಿಕೊಳ್ಳುವುದು ಆಮೇಲೆ ನಮ್ಮ ಕೆಲಸ. ಪ್ರತಿವರ್ಷವೂ ಅವನು ಸತ್ತು ಮತ್ತೆ ಏಳುವುದಕ್ಕೆ ಕಾರಣ, ನಾವು ಇನ್ನೂ ದೊಡ್ಡ ಅಕ್ಷರದಲ್ಲಿಯೇ ಇರುವುದು.

ಮುದುಕನಿಗೆ ನನ್ನ ನೆನಪಿನಿಂದ ಒಂದು ಕಾಗದ ಬರೆದುಕೊಟ್ಟಿದ್ದೇನೆ. ಅದು ಪುಸ್ತಕದ ಪುರಾವೆಗೆ ಸಮನಾದೀತೋ ಇಲ್ಲವೋ ತಿಳಿಯದು. ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ನನ್ನ ಪುಸ್ತಕದಲ್ಲಿ ಸಂಖ್ಯೆಗಳನ್ನು ಬಿಟ್ಟು ಹೆಸರುಗಳನ್ನು ಬರೆಯಲು ಆರಂಭಿಸಿದೆ. ಮೊದಲ ದಿನವೇ ಕಷ್ಟಕ್ಕೆ ಬಂತು. ಏಳು ಜನರಲ್ಲಿ ಇಬ್ಬರ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ. ಅಸ್ಸಾಮಿನ ಕಡೆಯಿಂದ ಬಂದ ಒಬ್ಬನ ಹೆಸರನ್ನು ಕೇಳಿ, ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ತಿಳಿಯದೆ, ಎರಡು ಸಲ ಹೇಳಿಸಿದೆ. ಎರಡನೆಯ ಸಲ ಅವನು ಬಿಡಿಬಿಡಿಸಿ, ನಿಧಾನವಾಗಿ, ಮಗುವಿಗೆ ಹೇಳಿಕೊಡುವಂತೆ ಹೇಳಿಕೊಟ್ಟ.